ಡಿಸೆಂಬರ್ ನೋಡಿ ಊರು ಆರಿಸಬೇಡಿ

ಭಾವನ ರಿಟೈರ್‌ಮೆಂಟಿಗೆ ಇನ್ನೂ ಎಂಟು ತಿಂಗಳಿತ್ತು. ಡಿಸೆಂಬರ್ ಕೊನೇ ವಾರ ಅಕ್ಕನ ಜೊತೆ ಮೂಡಿಗೆರೆ ಕಡೆ ಹೋಂಸ್ಟೇ ಒಂದರಲ್ಲಿ ಮೂರು ದಿನ ಇದ್ದು ಬಂದರು. ಬಂದ ರಾತ್ರಿಯೇ ಫೋನು. "ಬೆಂಗಳೂರು ಸಾಕಪ್ಪ. ಅಲ್ಲೇ ಒಂದು ಮನೆ ನೋಡಿದ್ದೀನಿ. ಬೆಳಿಗ್ಗೆ ಮಂಜು, ಮಧ್ಯಾಹ್ನ ಎಳೆಬಿಸಿಲು, ರಾತ್ರಿ ಕಂಬಳಿ. ಇನ್ನೇನು ಬೇಕು ಹೇಳು?"

ಅಕ್ಕ ಪಕ್ಕದಲ್ಲೇ ಇದ್ದಳು. ಮಾತಾಡಲಿಲ್ಲ. ನಾವಿಬ್ಬರೂ ತೀರ್ಥಹಳ್ಳಿ ಕಡೆಯವರು, ಆ ಮಳೆಯಲ್ಲೇ ಬೆಳೆದವರು. ಭಾವ ತುಮಕೂರಿನವರು. ಮಳೆ ಅಂದರೆ ಅವರಿಗೆ ಸಂಜೆ ಒಂದು ಗಂಟೆ ಗುಡುಗಿ, ಸುರಿದು, ನಿಂತುಹೋಗುವ ಸಂಗತಿ.

"ಭಾವ, ಜುಲೈನಲ್ಲಿ ಒಂದು ವಾರ ಅದೇ ಮನೆಯಲ್ಲಿ ಇದ್ದು ಬನ್ನಿ. ಅಡ್ವಾನ್ಸ್ ಕೊಡೋ ಮಾತು ಆಮೇಲೆ," ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಆದರೆ ಆ ಫೋನಿನ ನಂತರ ನಾವು ಮೂವರೂ ಸೇರಿ ತಿಂಗಳುಗಟ್ಟಲೆ ಊರುಗಳ ಲೆಕ್ಕ ಹಾಕಿದೆವು. ಅದರಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಉದಾಹರಣೆಗಳು ಕರ್ನಾಟಕದವು. ಒಂದೇ ರಾಜ್ಯದೊಳಗೆ ಇಷ್ಟು ಬಗೆಯ ಹವೆ ಇರುವಾಗ ಬೇರೆಲ್ಲಿಗೋ ಹೋಗಿ ಹುಡುಕುವ ಅಗತ್ಯ ಬೀಳಲಿಲ್ಲ.

ಮೊದಲ ಪಾಠ ಡಿಸೆಂಬರಿನದು. ಡಿಸೆಂಬರಿನಲ್ಲಿ ಕರ್ನಾಟಕದ ಯಾವ ಊರೂ ಕೆಟ್ಟದಾಗಿರುವುದಿಲ್ಲ. ಕಲಬುರಗಿಯೂ ಹಿತವಾಗಿರುತ್ತದೆ. ಬೀದರ್, ವಿಜಯಪುರಗಳಲ್ಲಿ ಎಷ್ಟೋ ದಿನ ಮುಂಜಾನೆಯ ಚಳಿ ಬೆಂಗಳೂರಿಗಿಂತ ಜಾಸ್ತಿ. ಎಲ್ಲಾ ಊರೂ ಪಾಸಾಗುವ ಪರೀಕ್ಷೆಯಿಂದ ಏನು ಗೊತ್ತಾಗುತ್ತದೆ? ಊರಿನ ನಿಜವಾದ ಮುಖ ಕಾಣುವುದು ಅದರ ಕೆಟ್ಟ ವಾರಗಳಲ್ಲಿ. ಮಲೆನಾಡಿಗೆ ಅದು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ. ಕರಾವಳಿಗೆ ಮಾರ್ಚ್‌ನಿಂದ ಮೊದಲ ಮಳೆ ಬೀಳುವ ತನಕ. ಬಯಲುಸೀಮೆಗೆ ಏಪ್ರಿಲ್, ಮೇ. ಆ ವಾರಗಳಲ್ಲಿ ನೀವು ಹೇಗೆ ಬದುಕುತ್ತೀರಿ ಅನ್ನುವುದೇ ಮುಖ್ಯ ಪ್ರಶ್ನೆ. ಉಳಿದ ತಿಂಗಳುಗಳು ಹೇಗೋ ಕಳೆಯುತ್ತವೆ.

ಎತ್ತರ ಎಷ್ಟು?

ಯಾವ ಊರಿನ ಬಗ್ಗೆಯಾದರೂ ನಾನು ಮೊದಲು ನೋಡುವುದು ಅದು ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆ ಎಂದು. ಸಾವಿರ ಮೀಟರ್ ಮೇಲೆ ಹೋದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಮೈಸೂರು 770ರ ಆಸುಪಾಸು. ಧಾರವಾಡ, ಬೆಳಗಾವಿ 750ರ ಹತ್ತಿರ. ಮಡಿಕೇರಿ, ಚಿಕ್ಕಮಗಳೂರು ಸಾವಿರ ದಾಟುತ್ತವೆ. ಶಿವಮೊಗ್ಗ 570 ಅಷ್ಟೇ. ಹಾಗಾಗಿ ಶಿವಮೊಗ್ಗ ಅಂದರೆ ಮಲೆನಾಡಿನ ಹೆಬ್ಬಾಗಿಲು, ತಂಪಾಗಿರುತ್ತದೆ ಎಂದುಕೊಂಡು ಏಪ್ರಿಲ್‌ನಲ್ಲಿ ಬಂದಿಳಿದವರು ಬೆವರು ಒರೆಸಿಕೊಳ್ಳುತ್ತಾ ನಿಲ್ಲುತ್ತಾರೆ. ರಾಯಚೂರು 400 ಮೀಟರ್, ಕಲಬುರಗಿ 450ರ ಸುಮಾರು. ಮಂಗಳೂರು ಇಪ್ಪತ್ತು ಚಿಲ್ಲರೆ.

ಆದರೆ ಎತ್ತರವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಬೆಂಗಳೂರಿಗೂ ಕಲಬುರಗಿಗೂ ಎತ್ತರದಲ್ಲಿ ಸುಮಾರು 470 ಮೀಟರ್ ವ್ಯತ್ಯಾಸ. ಲೆಕ್ಕದ ಪ್ರಕಾರ ಮೂರು ಡಿಗ್ರಿ ವ್ಯತ್ಯಾಸ ಇರಬೇಕು. ನಿಜದಲ್ಲಿ ಮೇ ತಿಂಗಳ ಮಧ್ಯಾಹ್ನ ಅದರ ಎರಡರಷ್ಟು ಇರುತ್ತದೆ. ಯಾಕೆ? ದಕ್ಷಿಣದಲ್ಲಿ ಏಪ್ರಿಲ್, ಮೇ ಸಂಜೆ ಮೋಡ ಕಟ್ಟಿ ಒಂದಷ್ಟು ಮಳೆ ಬೀಳುತ್ತದೆ. ಮಣ್ಣು ಒದ್ದೆಯಾದರೆ ಮರುದಿನದ ಬಿಸಿಲಿನ ಒಂದು ಪಾಲು ಆ ನೀರನ್ನು ಆರಿಸುವುದರಲ್ಲೇ ಖರ್ಚಾಗುತ್ತದೆ. ಈಶಾನ್ಯದ ಜಿಲ್ಲೆಗಳಲ್ಲಿ ಮಣ್ಣು ಒಣಗಿರುತ್ತದೆ. ಬಿದ್ದ ಬಿಸಿಲೆಲ್ಲ ನೆಲವನ್ನು, ಗಾಳಿಯನ್ನು ಕಾಯಿಸುತ್ತದೆ.

ಬೆಂಗಳೂರಿನ ಹವೆ ಕೆಟ್ಟುಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಯಿತು. ಕಾಂಕ್ರೀಟು ಹೆಚ್ಚಿ, ಕೆರೆ ಮುಚ್ಚಿ, ರಾತ್ರಿಯ ತಂಪು ಕಡಿಮೆಯಾಗಿದೆ. ಆದರೂ 920 ಮೀಟರ್ ಅಂತೂ ಎಲ್ಲೂ ಹೋಗಿಲ್ಲ. ಸಂಜೆ ಒಂದು ಮಳೆ ಬಂದರೆ ಊರು ಇವತ್ತಿಗೂ ತಣ್ಣಗಾಗುತ್ತದೆ. ಬೆಂಗಳೂರು ಬಿಡುವವರು ಹವೆಯ ಕಾರಣಕ್ಕೆ ಬಿಡುತ್ತಿದ್ದೇವೆ ಎಂದರೆ ನಾನು ಪೂರ್ತಿ ನಂಬುವುದಿಲ್ಲ. ಟ್ರಾಫಿಕ್ಕಿಗೆ ಬಿಡುತ್ತಾರೆ, ನೀರಿಗೆ ಬಿಡುತ್ತಾರೆ, ಬಾಡಿಗೆಗೆ ಬಿಡುತ್ತಾರೆ. ಹೆಸರು ಮಾತ್ರ ಹವೆಯದು.

33 ಡಿಗ್ರಿ 40ಕ್ಕಿಂತ ಜಾಸ್ತಿಯಾಗುವುದು ಹೇಗೆ

ಭಾವನ ಪಟ್ಟಿಯಲ್ಲಿ ಎರಡನೇ ಊರು ಮಂಗಳೂರು. ಒಳ್ಳೆಯ ಆಸ್ಪತ್ರೆಗಳಿವೆ, ಸಮುದ್ರ ಇದೆ, ಮೀನು ಇದೆ. "ನೋಡು, ಏಪ್ರಿಲ್‌ನಲ್ಲೂ 33, 34 ಡಿಗ್ರಿ. ಬೆಂಗಳೂರಿನಷ್ಟೇ ಅಲ್ವಾ?" ಎಂದು ಮೊಬೈಲ್ ತೋರಿಸಿದರು.

ಅಲ್ಲ. ಇಲ್ಲಿ ತೇವಾಂಶ ಬರುತ್ತದೆ. ಬೆವರು ಸುರಿದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ. ಬೆವರು ಆರಬೇಕು. ಆರುವಾಗ ಅದು ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ಗಾಳಿಯಲ್ಲಿ ಆಗಲೇ ನೀರು ತುಂಬಿದ್ದರೆ ಬೆವರು ಆರುವುದಕ್ಕೆ ಜಾಗವೇ ಇಲ್ಲ. ಸುಮ್ನೆ ಇಳಿದು ಬನಿಯನ್ ಒದ್ದೆಯಾಗುತ್ತದೆ, ಅಷ್ಟೇ.

ಬಿಸಿಯನ್ನೂ ತೇವವನ್ನೂ ಸೇರಿಸಿ ಮೈಗೆ ಎಷ್ಟು ಶೆಕೆ ಅನ್ನಿಸುತ್ತದೆ ಎಂದು ಹೇಳುವ ಒಂದು ಲೆಕ್ಕವಿದೆ. ಹೀಟ್ ಇಂಡೆಕ್ಸ್ ಎನ್ನುತ್ತಾರೆ. ಅದರ ಪ್ರಕಾರ 33 ಡಿಗ್ರಿ ಬಿಸಿ, ಶೇ 70 ತೇವಾಂಶ ಇದ್ದರೆ ಮೈಗೆ 43 ಡಿಗ್ರಿಯಷ್ಟು ಅನ್ನಿಸುತ್ತದೆ. 40 ಡಿಗ್ರಿ ಬಿಸಿ ಇದ್ದು ತೇವಾಂಶ ಬರೀ ಶೇ 20 ಇದ್ದರೆ 39 ಅನ್ನಿಸುತ್ತದೆ. ಅಂದರೆ ಕರಾವಳಿಯ 33, ಕಲಬುರಗಿಯ 40ಕ್ಕಿಂತ ಮೈಗೆ ಭಾರ. ಇದು ನೆರಳಿನಲ್ಲಿ ಕೂತವರ ಲೆಕ್ಕ. ಬಿಸಿಲಲ್ಲಿ ನಡೆಯುವವರಿಗೆ ಕಲಬುರಗಿಯ ಮಧ್ಯಾಹ್ನ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಹವಾಮಾನ ಇಲಾಖೆಯೂ ಎಲ್ಲಾ ಊರನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಬಿಸಿಗಾಳಿ ಎಂದು ಘೋಷಿಸಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಆಗಿರಬೇಕು. ಕರಾವಳಿಯಲ್ಲಿ 37 ಸಾಕು. ಗುಡ್ಡದ ಊರುಗಳಲ್ಲಿ 30 ಸಾಕು. ಜೊತೆಗೆ ಆ ದಿನದ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾಗಿರಬೇಕು.

ಮೊಬೈಲಿನಲ್ಲಿ ತೇವಾಂಶದ ಶೇಕಡಾವಾರು ನೋಡಿದರೆ ಸರಿಯಾದ ಅಂದಾಜು ಸಿಗುವುದಿಲ್ಲ. ಬೆಂಗಳೂರಿನಲ್ಲೂ ಬೆಳಗಿನ ಜಾವ ಶೇ 90 ತೋರಿಸುತ್ತದೆ, ಶೆಕೆ ಇರುವುದಿಲ್ಲ. ನೋಡಬೇಕಾದ್ದು ಡ್ಯೂ ಪಾಯಿಂಟ್. ಗಾಳಿಯನ್ನು ಎಷ್ಟು ಡಿಗ್ರಿಗೆ ಇಳಿಸಿದರೆ ಇಬ್ಬನಿ ಕಟ್ಟುತ್ತದೆಯೋ ಅದು. ಹವಾಮಾನದ ಹೆಚ್ಚಿನ ಆ್ಯಪ್‌ಗಳಲ್ಲಿ ಇರುತ್ತದೆ. 16ರ ಒಳಗಿದ್ದರೆ ಹಾಯಾಗಿರುತ್ತದೆ. 21 ದಾಟಿದರೆ ಮೈ ಅಂಟಲು ಶುರು. 24 ದಾಟಿದರೆ ಫ್ಯಾನ್ ಕೆಳಗೂ ಸಮಾಧಾನ ಇಲ್ಲ. ಮೇಲೆ ಹೇಳಿದ ಕರಾವಳಿಯ ಉದಾಹರಣೆಯಲ್ಲಿ ಅದು ಸುಮಾರು 27. ಕಲಬುರಗಿಯದರಲ್ಲಿ 13.

ಇದರಿಂದ ಖರ್ಚಿನ ವಿಷಯವೂ ತಿಳಿಯುತ್ತದೆ. ನೀರು ಹಾಕಿ ಓಡಿಸುವ ಏರ್ ಕೂಲರ್ ಕಲಬುರಗಿ, ರಾಯಚೂರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಕರೆಂಟೂ ಕಡಿಮೆ ತಿನ್ನುತ್ತದೆ. ಮಂಗಳೂರಿನಲ್ಲಿ ಅದೇ ಕೂಲರ್ ತೇವವನ್ನು ಇನ್ನಷ್ಟು ಏರಿಸುತ್ತದೆ. ಅಲ್ಲಿ ಎಸಿ ಬೇಕು, ಇಲ್ಲವೇ ಗಾಳಿಯಾಡುವ ಮನೆ ಬೇಕು.

ಹಳೆಯ ಮನೆಗಳಿಗೆ ಇದೆಲ್ಲ ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಚಿಕ್ಕ ಕಿಟಕಿ. ಹಗಲಿನ ಬಿಸಿ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆಗ ಹಾಸಿಗೆ ಎತ್ತಿಕೊಂಡು ಮಾಳಿಗೆ ಮೇಲೆ ಹೋದರಾಯಿತು. ರಾತ್ರಿ ತಣ್ಣಗಾಗುವ ಕಡೆ ಮಾತ್ರ ಈ ಉಪಾಯ ನಡೆಯುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಬಿಸಿ ಇಳಿಯುವುದಿಲ್ಲ. ದಪ್ಪ ಗೋಡೆ, ಚಿಕ್ಕ ಕಿಟಕಿಯ ಮನೆ ಅಲ್ಲಿ ಒಲೆಯಾಗುತ್ತದೆ. ಅದಕ್ಕೇ ಎತ್ತರದ ಹೆಂಚಿನ ಮಾಡು, ಸಂದಿನಲ್ಲಿ ಗಾಳಿ, ಉದ್ದ ಜಗಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲೇ ಹೆಂಚಿನ ಕಾರ್ಖಾನೆ ಹಾಕಿತು. ಈಗ ಬೀದರ್‌ನಿಂದ ಉಳ್ಳಾಲದವರೆಗೆ ಒಂದೇ ನಮೂನೆಯ ಚಪ್ಪಟೆ ಆರ್‌ಸಿಸಿ ಪೆಟ್ಟಿಗೆ ಕಟ್ಟುತ್ತಿದ್ದೇವೆ. ಹವೆಯನ್ನು ಬೈಯುವ ಮೊದಲು ಆ ಪೆಟ್ಟಿಗೆಯನ್ನು ಬೈಯಬೇಕು. ಬಾಡಿಗೆಗೆ ಮನೆ ನೋಡುವಾಗ ಎರಡು ವಿಷಯ ಸಾಕು. ಮಲಗುವ ಕೋಣೆಯ ಗೋಡೆ ಪಶ್ಚಿಮದ ಬಿಸಿಲಿಗೆ ಇದೆಯಾ? ತಲೆ ಮೇಲೆ ತಾರಸಿಯಾ ಅಥವಾ ಇನ್ನೊಂದು ಮಹಡಿಯಾ? ಇವು ತಪ್ಪಿದರೆ ತಂಪಾದ ಊರಿನಲ್ಲೂ ಬೇಯಬೇಕಾಗುತ್ತದೆ.

ಮೂವತ್ತು ಕಿಲೋಮೀಟರಿನ ಮಳೆ

ಇನ್ನು ಮಳೆ. ಭಾವನ ಜೊತೆ ನಾನು ಜಾಸ್ತಿ ಹೊತ್ತು ವಾದ ಮಾಡಿದ್ದು ಇದರ ಮೇಲೆಯೇ.

ಜೂನ್ ಮೊದಲ ವಾರ ಅರಬ್ಬೀ ಸಮುದ್ರದಿಂದ ತೇವ ತುಂಬಿದ ಗಾಳಿ ಬರುತ್ತದೆ. ಪಶ್ಚಿಮ ಘಟ್ಟ ಅಡ್ಡ ನಿಂತಿರುತ್ತದೆ. ಗಾಳಿ ಮೇಲೇರಲೇಬೇಕು. ಏರಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ನೀರನ್ನು ಹಿಡಿದುಕೊಳ್ಳಲಾರದೆ ಸುರಿಸುತ್ತದೆ. ಘಟ್ಟದ ನೆತ್ತಿ ದಾಟಿ ಪೂರ್ವಕ್ಕೆ ಇಳಿಯುವಾಗ ಅದರ ಚೀಲ ಬಹುಪಾಲು ಖಾಲಿ. ಕೆಳಗಿಳಿಯುವ ಗಾಳಿ ಬೆಚ್ಚಗಾಗುತ್ತದೆ, ಮೋಡ ಚದುರುತ್ತದೆ. ಇಲ್ಲಿಂದ ಮುಂದಿನದೇ ಮಳೆಯ ನೆರಳು.

ಶಾಲೆಯಲ್ಲಿ ಓದಿದ ಪಾಠವೇ ಇದು. ಆದರೆ ಇದು ಎಷ್ಟು ಬೇಗ ನಡೆಯುತ್ತದೆ ಎನ್ನುವುದನ್ನು ಪಾಠ ಹೇಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಬಸ್ಸು ಹತ್ತಿ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಅದರ ಅರ್ಧವೂ ಇಲ್ಲ. ಇನ್ನೊಂದೂವರೆ ಗಂಟೆ ಮುಂದೆ ಹೋದರೆ ಶಿವಮೊಗ್ಗ ಪೇಟೆಯಲ್ಲಿ ಸಾವಿರವೂ ದಾಟುವುದು ಕಷ್ಟ. ಒಟ್ಟು ದೂರ 90 ಕಿಲೋಮೀಟರ್ ಅಷ್ಟೇ. ಇನ್ನೂ ಪೂರ್ವಕ್ಕೆ ಚಿತ್ರದುರ್ಗ, ಚಳ್ಳಕೆರೆ ಕಡೆ ಹೋದರೆ 500ರ ಆಸುಪಾಸು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಹಾಗೇ. ಮೂಡಿಗೆರೆಯಲ್ಲಿ ಎರಡು ಸಾವಿರ ದಾಟುತ್ತದೆ. 30 ಕಿಲೋಮೀಟರ್ ಈಶಾನ್ಯಕ್ಕಿರುವ ಚಿಕ್ಕಮಗಳೂರು ಪೇಟೆಯಲ್ಲಿ ಸಾವಿರದ ಹತ್ತಿರ. ಅದೇ ಜಿಲ್ಲೆಯ ಕಡೂರು ಬರದ ತಾಲ್ಲೂಕು. ಹಾಗಾಗಿ ಜಿಲ್ಲೆಯ ಸರಾಸರಿ ಮಳೆ ನೋಡಿ ಊರು ಆರಿಸುವವರಿಗೆ ಏನೂ ಸಿಗುವುದಿಲ್ಲ. ಹೋಬಳಿಯ ಮಟ್ಟಕ್ಕೆ ಇಳಿಯಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ, ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ. ಆ ಅಂಕಿಗಳನ್ನು ನೋಡಲು ಯಾರ ಕೈಕಾಲು ಹಿಡಿಯಬೇಕಾಗಿಲ್ಲ.

ಎಷ್ಟು ಮಳೆ ಎನ್ನುವಷ್ಟೇ ಮುಖ್ಯ, ಅದು ಹೇಗೆ ಬೀಳುತ್ತದೆ ಎನ್ನುವುದು. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ. ಅದು ಬೀಳುವುದು 60ರ ಆಸುಪಾಸು ದಿನಗಳಲ್ಲಿ, ಹೆಚ್ಚಾಗಿ ಸಂಜೆ ಹೊತ್ತು. ಬೆಳಿಗ್ಗೆ ವಾಕಿಂಗ್ ಹೋಗಬಹುದು, ಬಟ್ಟೆ ಒಣಗಿಸಬಹುದು. ಮಲೆನಾಡಿನ ಮಳೆ ಹಾಗಲ್ಲ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಜುಲೈ ಮೊದಲ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ಒಂದೋ ಧೋ ಎಂದು ಸುರಿಯುತ್ತದೆ, ಇಲ್ಲ ಜಿಟಿಜಿಟಿ ಹನಿಯುತ್ತದೆ. ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪುಸ್ತಕದ ರಟ್ಟಿಗೆ ಬೂಷ್ಟು. ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಯೂನಿಫಾರ್ಮ್ ಹೊಗೆ ವಾಸನೆ ಹೊಡೆಯುತ್ತಿತ್ತು. ಕ್ಲಾಸಿನಲ್ಲಿ ಎಲ್ಲರದ್ದೂ ಹಾಗೇ, ಯಾರೂ ಆಡಿಕೊಳ್ಳುತ್ತಿರಲಿಲ್ಲ. ಮರ ಬಿದ್ದು ಲೈನ್ ಕಡಿದರೆ ಒಂದು ದಿನ, ಎರಡು ದಿನ, ಕೆಲವು ಸಲ ಮೂರು ದಿನ ಕರೆಂಟಿಲ್ಲ. ಮನೆಯಿಂದ ಕೆಲಸ ಮಾಡುವವರು ತೋಟದ ಮನೆಗೆ ಹೋಗುವ ಮೊದಲು ಕೇಳಬೇಕಾದ್ದು ಇಂಟರ್ನೆಟ್ ಸ್ಪೀಡ್ ಎಷ್ಟು ಎಂದಲ್ಲ. ಕಳೆದ ಜುಲೈನಲ್ಲಿ ಕರೆಂಟ್ ಒಟ್ಟು ಎಷ್ಟು ದಿನ ಇರಲಿಲ್ಲ ಎಂದು.

ಇದನ್ನೆಲ್ಲ ಇಷ್ಟಪಡುವವರೂ ಇದ್ದಾರೆ, ನಾನೇ ಒಬ್ಬ. ಕಂಬಳಿ ಹೊದ್ದು ಹಂಚಿನ ಮೇಲೆ ಮಳೆ ಕೇಳುತ್ತಾ ಹಲಸಿನ ಹಪ್ಪಳ ತಿನ್ನುವುದಕ್ಕೆ ಸಮ ಯಾವುದೂ ಇಲ್ಲ. ಆದರೆ ಅಕ್ಕನಿಗೆ ಉಬ್ಬಸ ಇದೆ. ಬೂಷ್ಟು ಹಿಡಿದ ಗೋಡೆ ಅವಳಿಗೆ ಆಗಿಬರುವುದಿಲ್ಲ. ಭಾವ ಇದನ್ನು ಯೋಚಿಸಿಯೇ ಇರಲಿಲ್ಲ. ಅಕ್ಕನೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಳೆ ಬಿದ್ದರೆ ನೀರು ಇದ್ದ ಹಾಗೆಯೇ?

ಇಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬರುತ್ತದೆ. ಆದರೂ 2019ರಲ್ಲಿ, ಮತ್ತೆ 2023ರಲ್ಲಿ ಬೇಸಿಗೆಯ ಕೊನೆಗೆ ನಗರಕ್ಕೆ ನೀರನ್ನು ಪಾಳಿಯಲ್ಲಿ ಬಿಡಬೇಕಾಯಿತು. ಊರಿಗೆ ನೀರು ಬರುವುದು ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಅಣೆಕಟ್ಟಿನಿಂದ. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು ಸಮುದ್ರ ಸೇರುತ್ತದೆ. ಅಲ್ಲಿನ ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಮೇ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ.

ಬೆಂಗಳೂರಿನ ಕಥೆ ಇನ್ನೊಂದು ಬಗೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಬಡಾವಣೆಗಳು ಟ್ಯಾಂಕರ್ ಹಿಂದೆ ಓಡಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ವ್ಯವಸ್ಥೆಯಾಯಿತು. ಕೋಲಾರ ಬೆಂಗಳೂರಿಗೆ ಹತ್ತಿರ, ಎತ್ತರವೂ 800 ಮೀಟರ್ ಮೀರಿದೆ, ಹವೆ ಸೊಗಸು. ಆದರೆ ಶಾಶ್ವತವಾಗಿ ಹರಿಯುವ ನದಿ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದೆ, ಆಳದ ನೀರಿನಲ್ಲಿ ಫ್ಲೋರೈಡ್ ತೊಂದರೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಅಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ.

ನಾನು ಕಲಿತ ಉಪಾಯ ಒಂದೇ. ಮನೆ ನೋಡಲು ಹೋದಾಗ ಮಾಲೀಕರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. "ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ? ಮೇ ತಿಂಗಳಲ್ಲಿ?" ಆ ಬೀದಿಯಲ್ಲಿ ಎಷ್ಟು ದೊಡ್ಡ ಸಂಪು ಕಟ್ಟಿಸಿದ್ದಾರೆ ನೋಡಿದರೂ ಸಾಕು.

ಮೈ ಯಾವುದಕ್ಕೆ ಹೊಂದಿದೆ

ನನ್ನ ಗೆಳೆಯನೊಬ್ಬ ವಿಜಯಪುರದವನು. ಬೆಂಗಳೂರಿಗೆ ಬಂದ ಮೊದಲ ಜುಲೈನಲ್ಲಿ ಸ್ವೆಟರ್ ಹಾಕಿಕೊಂಡು, ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. "ಏನ್ಲೇ ಇದು, ವಾರಾತು ಸೂರ್ಯನ ಮಾರಿ ನೋಡಿಲ್ಲ" ಅಂದ. ನಮಗೆಲ್ಲ ಬೆಂಗಳೂರಿನ ಅತಿ ಒಳ್ಳೆಯ ತಿಂಗಳು ಅದು. ಯಾವ ಬಿಸಿ ಹಿತ ಅನ್ನುವುದು ಮೈ ಎಷ್ಟು ವರ್ಷ ಯಾವುದರಲ್ಲಿ ಬೆಳೆದಿದೆ ಎನ್ನುವುದರ ಮೇಲೆ ನಿಂತಿದೆ. ಹೊಸ ಹವೆಗೆ ಮೈ ಒಗ್ಗಿಕೊಳ್ಳುತ್ತದೆ, ಆದರೆ ಅರವತ್ತರ ನಂತರ ನಿಧಾನ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಬೆವರುವುದೂ ಕಡಿಮೆ. ಹೃದಯದ ತೊಂದರೆ ಇದ್ದವರಿಗೆ ಕರಾವಳಿಯ ಏಪ್ರಿಲ್ ಸುಲಭವಲ್ಲ. ಇಂಥದ್ದನ್ನು ಸ್ವಂತ ಡಾಕ್ಟರ ಹತ್ತಿರ ಕೇಳಿಯೇ ತೀರ್ಮಾನಿಸಬೇಕು. ಬೆಂಗಳೂರು, ಮೈಸೂರಿನ ಹವೆ ಎಷ್ಟೇ ಹಿತವಾಗಿದ್ದರೂ ಕಾಂಗ್ರೆಸ್ ಹುಲ್ಲಿನ ಅಲರ್ಜಿ ಇದ್ದವರಿಗೆ ಅಲ್ಲೂ ಸೀನು ತಪ್ಪುವುದಿಲ್ಲ.

ದಿನಚರಿಯನ್ನೂ ಲೆಕ್ಕ ಹಾಕಿ. ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಊರಿನ ಜೀವನವೇ ಬೆಳಿಗ್ಗೆ ಮತ್ತು ಸಂಜೆಗೆ ಸರಿದುಕೊಂಡಿರುತ್ತದೆ. ಐದಕ್ಕೇ ಏಳುವವರಿಗೆ ಇದು ಕಷ್ಟವೇ ಅಲ್ಲ. ಒಂಬತ್ತಕ್ಕೆ ಎದ್ದು ಹನ್ನೊಂದಕ್ಕೆ ಮಾರ್ಕೆಟ್ಟಿಗೆ ಹೋಗುವ ಅಭ್ಯಾಸದವರು ಅಲ್ಲಿ ಒದ್ದಾಡುತ್ತಾರೆ.

ಮಲೆನಾಡಿನಲ್ಲಿ ಮನೆ ಮಾಡುವವರು ಗುಡ್ಡದ ಇಳಿಜಾರನ್ನೂ ನೋಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆಯಲ್ಲ. ವ್ಯೂ ಚೆನ್ನಾಗಿದೆ ಎಂದು ತೋರಿಸುವ ಸೈಟು ಎಷ್ಟೋ ಸಲ ಇಳಿಜಾರು ಕಡಿದು ಸಮ ಮಾಡಿದ ಜಾಗ. ಕಾಡಿನ ಅಂಚಿನಲ್ಲಿ ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಎಚ್ಚರ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು ಅದನ್ನು. ಸಕಲೇಶಪುರ, ಕೊಡಗಿನಲ್ಲಿ ಆನೆ ಬರುತ್ತದೆ. ಅದನ್ನು ಸಾಹಸ ಎಂದುಕೊಳ್ಳುವುದು ಟೂರಿಸ್ಟು ಮಾತ್ರ.

ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಜುಲೈ ರಾತ್ರಿ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿ. ಗುಡ್ಡ ಜಾರಿ ಘಾಟಿ ಬಂದ್ ಆದರೆ ಬೇರೆ ದಾರಿ ಇದೆಯಾ? ಕೊಡಗಿಗೆ ರೈಲೇ ಇಲ್ಲ. ಚಿಕ್ಕಮಗಳೂರಿಗೆ 2013ರಲ್ಲಿ ಬಂತು. ಮಕ್ಕಳು ಹೊರದೇಶದಲ್ಲಿದ್ದರೆ ಏರ್‌ಪೋರ್ಟೂ ಲೆಕ್ಕಕ್ಕೆ ಬರುತ್ತದೆ. ಭಾಷೆಯ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಮಂಗಳೂರಿನಲ್ಲಿ ಕನ್ನಡ ಎಲ್ಲರಿಗೂ ಬರುತ್ತದೆ. ಆದರೆ ಕಟ್ಟೆ ಮೇಲಿನ ಹರಟೆ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ನಡೆಯುತ್ತದೆ. ಕಲಿಯುವ ಮನಸ್ಸಿದ್ದರೆ ಆರು ತಿಂಗಳಲ್ಲಿ ನೀವೂ ಅದರೊಳಗೆ. ಇಲ್ಲದಿದ್ದರೆ ಹತ್ತು ವರ್ಷವಾದರೂ ಬೆಂಗಳೂರಿನವರೇ.

ಸೆರಗಿನ ಊರುಗಳು

ಇಷ್ಟೆಲ್ಲ ಕೂಡಿ ಕಳೆದು ನೋಡಿದಾಗ ನಕ್ಷೆಯಲ್ಲಿ ಒಂದು ಪಟ್ಟಿ ಎದ್ದು ಕಂಡಿತು. ಘಟ್ಟದ ಪೂರ್ವಕ್ಕೆ, ಮಲೆನಾಡು ಮುಗಿದು ಬಯಲು ಶುರುವಾಗುವ ಸೆರಗು. ಬೆಳಗಾವಿ, ಧಾರವಾಡ, ಚಿಕ್ಕಮಗಳೂರು ಪೇಟೆ, ಹಾಸನ, ಇನ್ನೂ ಕೆಳಗೆ ಮೈಸೂರಿನ ಪಶ್ಚಿಮ ಭಾಗ. ಎತ್ತರ 750 ಮೀಟರಿನ ಆಸುಪಾಸು ಇಲ್ಲವೇ ಅದಕ್ಕೂ ಮೇಲೆ, ಆದ್ದರಿಂದ ಬೇಸಿಗೆ ತಡೆದುಕೊಳ್ಳಬಹುದು. ಮಳೆ ಮಲೆನಾಡಿನಷ್ಟಿಲ್ಲ, ನಡುನಡುವೆ ಬಿಡುವು ಕೊಡುತ್ತದೆ. ಮಲೆನಾಡಿನ ಮೋಡ ಮಾತ್ರ ಹಾದುಹೋಗುತ್ತದೆ. ಅರೆಮಲೆನಾಡು ಎನ್ನುತ್ತಾರಲ್ಲ, ಅದು. ಬೆಳಗಾವಿಯ ಮಳೆ ಇವುಗಳಲ್ಲಿ ಸ್ವಲ್ಪ ಜಾಸ್ತಿ. ಧಾರವಾಡದಲ್ಲಿ ಹವೆಯ ಜೊತೆಗೆ ಸಂಗೀತ, ಸಾಹಿತ್ಯದ ಸಂಜೆಗಳು ಬೋನಸ್ಸು. ನನ್ನ ಮತ ಈ ಪಟ್ಟಿಗೇ. ಬಿಸಿಲನ್ನೇ ಬಯಸುವ ನನ್ನ ವಿಜಯಪುರದ ಗೆಳೆಯ ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಭಾವ ಕೊನೆಗೂ ಜುಲೈನಲ್ಲಿ ಮೂಡಿಗೆರೆಗೆ ಹೋದರು. ಒಂದು ವಾರ ಎಂದು ಹೋದವರು ನಾಲ್ಕನೇ ದಿನಕ್ಕೆ ಚಿಕ್ಕಮಗಳೂರು ಪೇಟೆಗೆ ಬಂದು ಲಾಡ್ಜ್ ಹಿಡಿದರು. ಅಲ್ಲೂ ಮಳೆ ಇತ್ತು. ಆದರೆ ಮಧ್ಯಾಹ್ನ ಎರಡು ಗಂಟೆ ಬಿಸಿಲು ಬಂತಂತೆ. ಅಲ್ಲಿಂದಲೇ ಮನೆ ಹುಡುಕಲು ಶುರು ಮಾಡಿದರು. ಕೊಳ್ಳುವುದಲ್ಲ, ಹನ್ನೊಂದು ತಿಂಗಳ ಬಾಡಿಗೆ. ಆ ಒಂದು ಹಟವನ್ನು ಅಕ್ಕ ಬಿಡಲಿಲ್ಲ. ಒಂದು ಏಪ್ರಿಲ್, ಒಂದು ಜುಲೈ ಎರಡೂ ಕಳೆಯದೆ ಸೈಟು, ಮನೆ ಎಂಬ ಮಾತು ಎತ್ತಬಾರದು ಎಂದು ಮೊದಲೇ ಹೇಳಿದ್ದಳು.

ಈಗ ಮಳೆಗಾಲದ ಭಾನುವಾರಗಳಲ್ಲಿ ಭಾವ ಕಾರು ತೆಗೆದುಕೊಂಡು ಮೂಡಿಗೆರೆ ಕಡೆ ಮಳೆ ನೋಡಲು ಹೋಗುತ್ತಾರೆ. ಸಂಜೆ ಕೊಡೆ ಝಾಡಿಸುತ್ತಾ ಬಂದು ಎಷ್ಟು ಸುರಿಯಿತು ಎಂದು ನನಗೆ ಫೋನ್ ಮಾಡಿ ವರದಿ ಒಪ್ಪಿಸುತ್ತಾರೆ. ಅಕ್ಕ ಜೊತೆಗೆ ಹೋಗುವುದಿಲ್ಲ. ಅವಳಿಗೆ ಆ ಹೊತ್ತಿನಲ್ಲಿ ತಾರಸಿ ಮೇಲೆ ಬಟ್ಟೆ ಇರುತ್ತದೆ, ಒಂದು ಕಣ್ಣು ಪಶ್ಚಿಮದ ಮೋಡದ ಮೇಲಿರುತ್ತದೆ.